ಅನುಮಾನವೇ? ಬಳಿ ಮಸಿ

ಜನವರಿ 14, ಮಂಗಳವಾರ

ಒಂಬತ್ತು ಕಡತ ಮುಗಿಯಿತು. ಒಂದೂವರೆ ಮಾರ್ಕರ್ ಖಾಲಿ. ಹೆಸರಿಗೆ ಮಸಿ, ಬೀದಿಗೆ ಮಸಿ, ಶಾಲೆಗೆ, ಚರ್ಚಿಗೆ ಮಸಿ. ‘ಕಪ್ಪು’ ಎಂದು ಬರೆದಿದ್ದರೆ ಅದರ ಮೇಲೂ ಕಪ್ಪು. ಕನ್ನಡ ಎಂ.ಎ. ಸಾರ್ಥಕ — ಇಡೀ ದಿನ ವಿರೋಧಾಭಾಸ ಅಲಂಕಾರ.

ಅಮೆರಿಕದ ಈ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸರ್ಕಾರ ಮನೆಯಿಂದ ಎತ್ತಿಕೊಂಡು ಹೋಗುವ ಮಕ್ಕಳಲ್ಲಿ ಕಪ್ಪು ಮಕ್ಕಳು ಬಿಳಿಯರ ಎರಡರಷ್ಟಿದ್ದರು. ಅದೇ ಖಾಲಿ ಫ್ರಿಜ್ಜು, ಅದೇ ಗಲೀಜು ಮನೆ. ಬಿಳಿ ತಾಯಿಗೆ ಬುದ್ಧಿಮಾತು, ಕಪ್ಪು ತಾಯಿಯ ಬಾಗಿಲಿಗೆ ಪೊಲೀಸ್ ಕಾರು. ಅದಕ್ಕೇ ಎರಡು ವರ್ಷದಿಂದ ಈ ಪದ್ಧತಿ. ಮಗುವನ್ನು ಬೇರೆ ಮನೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಏಳು ಜನಕ್ಕೆ ಅದರ ಬಣ್ಣ ಗೊತ್ತಾಗಬಾರದು. ಗೊತ್ತಾಗದಂತೆ ಮಾಡುವವಳು ನಾನು. ಅಂತರ ನಿಜವಾಗಿಯೂ ಇಳಿದಿದೆ. ಹೆಮ್ಮೆ ಇಲ್ಲ ಎಂದರೆ ಸುಳ್ಳಾಗುತ್ತದೆ.

ಊಟದ ಹೊತ್ತಿಗೆ ವರ್ನೀಟಾ ಬಂದಳು. ಮನೆ ಮನೆಗೆ ಹೋಗಿ ವರದಿ ಬರೆಯುವವಳು. ತಾನೂ ಕಪ್ಪು.

“ಏನೇ ಮಿಸ್ ಮಾರ್ಕರ್, ನನ್ನನ್ನೂ ಒಂದ್ಸಲ ಅಳಿಸಿಬಿಡೇ. ಪೊಲೀಸ್ನೋನು ಕಾರು ನಿಲ್ಲಿಸಿದಾಗ ಉಪಯೋಗಕ್ಕೆ ಬರುತ್ತೆ.”

“ನಿನ್ನ ಸೈಜಿಗೆ ಒಂದು ಮಾರ್ಕರ್ ಸಾಲಲ್ಲ ಕಣೆ.”

ಟಿಫಿನ್ನಿಂದ ಚಿತ್ರಾನ್ನ ಕಿತ್ತುಕೊಂಡು ಹೋದಳು. ತನ್ನ ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಬಿಟ್ಟುಹೋದಳು. ಒಣಗಿತ್ತು. ತಿಂದೆ.

ಜನವರಿ 21, ಮಂಗಳವಾರ

ಚಳಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ವರ್ನೀಟಾಳ ತಂದೆ ತೀರಿಕೊಂಡರು, ಮಣ್ಣಿಗೆ ಅಲಬಾಮಾಕ್ಕೆ ಹೋಗಿದ್ದಾಳೆ. ಹೋಗುವ ಮುನ್ನ ಅವಸರದಲ್ಲಿ ಬರೆದ ವರದಿ ನನ್ನ ಮೇಜಿಗೆ ಬಂತು. ಎರಡು ವರ್ಷದ ಹೆಣ್ಣುಮಗು. ಶಿಶುವಿಹಾರದವರ ದೂರು: ಎರಡೂ ಕೈ ಊದಿವೆ, ಮುಟ್ಟಿದರೆ ಕಿರುಚುತ್ತದೆ. ತಾಯಿ ಕೆಲಸಕ್ಕೆ ಹೋಗುತ್ತಾಳೆ, ನೋಡಿಕೊಳ್ಳುವುದು ಅಜ್ಜಿ.

ಅಜ್ಜಿಯ ಹೇಳಿಕೆ ಒಂದೇ ಸಾಲು: ‘ಮಗುವಿಗೆ ಸಿಕಲ್ ಸೆಲ್ ಇದೆ, ಚಳಿಗೆ ಕೈ ಊದುತ್ತದೆ.’

ಮಾರ್ಕರ್ ಅಲ್ಲೇ ನಿಂತಿತು. ಸಿಕಲ್ ಸೆಲ್ — ರಕ್ತದ ಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆ. ಈ ಊರಿನಲ್ಲಿ ಹೆಚ್ಚುಕಡಿಮೆ ಕಪ್ಪು ಮಕ್ಕಳಿಗೇ. ಆ ಎರಡು ಪದ ಬಿಟ್ಟರೆ ಬಣ್ಣವನ್ನು ಕೂಗಿ ಹೇಳಿದಂತೆ. ಅಳಿಸಿದರೆ... ಕಾಯಿಲೆಯೂ ಹೋಗುತ್ತದೆ. ನನ್ನ ಮೇಲಧಿಕಾರಿ ಕಾಲೀನ್, ಅವಳನ್ನು ಕೇಳಲು ಹೋದೆ. ಫೋನಿನಲ್ಲಿದ್ದಳು. ತರಬೇತಿಯಲ್ಲಿ ಅವಳೇ ಹೇಳಿಕೊಟ್ಟ ಪ್ರಾಸ ನೆನಪಾಯಿತು. ಅದಕ್ಕೆ ನಾನೇ ಕನ್ನಡ ಕಟ್ಟಿ ಗೋಡೆಗೆ ಅಂಟಿಸಿದ್ದೆ:

ಅನುಮಾನವೇ? ಬಳಿ ಮಸಿ,
ಆಮೇಲಿಲ್ಲ ತಲೆಬಿಸಿ.

ಬಳಿದೆ.

ಜನವರಿ 22, ಬುಧವಾರ

ಸಭೆ. ಏಳು ಜನ. ನನ್ನದು ಟಿಪ್ಪಣಿ ಬರೆಯುವ ಮೂಲೆಯ ಕುರ್ಚಿ. ಬಾಯಿ ತೆರೆಯುವಂತಿಲ್ಲ, ನಿಯಮ. ವರ್ನೀಟಾಳ ಬದಲು ಬಂದ ಹೊಸ ಹುಡುಗಿ ಮಸಿ ಬಳಿದ ಹಾಳೆಯನ್ನೇ ಓದಿದಳು.

“‘ಮಗುವಿಗೆ — ಇಲ್ಲಿ ಅಳಿಸಿದೆ — ಇದೆ, ಚಳಿಗೆ ಕೈ ಊದುತ್ತದೆ.’”

“ಚಳಿಗೆ ಕೈ ಊದುತ್ತಂತಾ?” ಒಬ್ಬರು ನಕ್ಕರು. “ಹಾಗಾದ್ರೆ ಈ ಊರಲ್ಲಿ ಎಲ್ಲರ ಕೈಯೂ ಕುಂಬಳಕಾಯಿ ಆಗಿರಬೇಕಿತ್ತು.”

“ಎರಡು ವರ್ಷದ ಕೂಸು. ಯಾರೋ ಹಿಡಿದು ತಿರುಚಿದ್ದಾರೆ, ಬೇರೇನಲ್ಲ.”

“ಅಳಿಸಿರೋದೇನು?”

“ಏನೋ ಗುರುತು ಇರಬೇಕು ಬಿಡಿ.”

ಪೆನ್ನು ಹಿಡಿದಿದ್ದೆ. ಆ ಎರಡು ಪದ ನಾಲಿಗೆಯ ತುದಿಯಲ್ಲಿತ್ತು. ಹೇಗಿದ್ದರೂ ಕರೆತಂದ ಮಗುವನ್ನು ಡಾಕ್ಟರು ನೋಡುತ್ತಾರಲ್ಲ ಎಂದುಕೊಂಡೆ. ಏಳಕ್ಕೆ ಏಳೂ ಕೈ ಮೇಲೆದ್ದವು. ಬರೆದುಕೊಂಡೆ: ಸರ್ವಾನುಮತ.

ಸಂಜೆ ನಾಲ್ಕಕ್ಕೆ ಮಗುವನ್ನು ಕರೆತಂದು, ನಲವತ್ತು ಮೈಲಿ ಆಚೆ ಒಂದು ಸಾಕುಮನೆಗೆ, ಅಂದರೆ ಸರ್ಕಾರದ ಪರವಾಗಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಕುಟುಂಬಕ್ಕೆ, ಒಪ್ಪಿಸಿದರು.

ಜನವರಿ 24, ಶುಕ್ರವಾರ

ಅಜ್ಜಿ ಬಂದಿದ್ದರು. ಮಿಸ್ ಅರ್ನೆಸ್ಟೀನ್. ಇಲ್ಲಿ ವಯಸ್ಸಾದವರನ್ನು ಬರೀ ಹೆಸರಿನಿಂದ ಕರೆದರೆ ಮೂತಿಗೆ ಬೀಳುತ್ತದೆ. ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದರು, ಕಚೇರಿಗೆ ಮರ್ಯಾದೆ ಕೊಟ್ಟಂತೆ. ಕೌಂಟರಿನಲ್ಲಿ ನಾನೊಬ್ಬಳೇ. ಚೀಲದಿಂದ ಗುಲಾಬಿ ಬಣ್ಣದ ಔಷಧಿ ಬಾಟಲಿ ತೆಗೆದಿಟ್ಟರು.

“ಇದು ನನ್ನ ಮೊಮ್ಮಗಳು ಅಮೋರಾದು, ಮಗಳೇ. ಪೆನಿಸಿಲಿನ್, ಈ ಕಾಯಿಲೆ ಮಕ್ಕಳಿಗೆ ಸೋಂಕು ತಗಲದ ಹಾಗೆ. ದಿನಕ್ಕೆರಡು ಸಲ, ಒಂದು ಹೊತ್ತೂ ತಪ್ಪಬಾರದು. ಫ್ರಿಜ್ಜಲ್ಲಿ ಇಡಬೇಕು. ಎತ್ಕೊಂಡ್ ಹೋಗೋವಾಗ ಕೊಡಕ್ಕೇ ಬಿಡಲಿಲ್ಲ ಅವರು.”

“ಅವರಿಗೆ ಗೊತ್ತಿಲ್ವಾ?”

“ಗೊತ್ತಿಲ್ದೆ ಏನು? ಆ ವರ್ನೀಟಾ ಹುಡುಗಿಗೆ ಹೇಳಿದ್ದೆ. ಬರ್ಕೊಂಡಳು. ನನ್ನ ಕಣ್ಣೆದುರಿಗೇ ಬರ್ಕೊಂಡಳು.”

“ಹೌದು. ಬರ್ಕೊಂಡಿದ್ದಾಳೆ,” ಎಂದೆ.

“ಜ್ವರ ಅಂತ ಬಂದ್ರೆ ಕಾಯಬಾರದು, ಆ ಗಳಿಗೇಲೇ ಆಸ್ಪತ್ರೆಗೆ ಓಡಬೇಕು. ಅವರಿಗೆ ಹೇಳ್ತೀಯಲ್ಲಾ?”

ಹೇಳುತ್ತೇನೆ ಎಂದೆ. ಕಡತದಲ್ಲಿ ಸಾಕುಮನೆಯ ಫೋನ್ ನಂಬರು ಮಾತ್ರ ಇತ್ತು, ಮಾಡಿದೆ — ಸಂದೇಶ ಬಿಡಿ ಎನ್ನುವ ಮೆಷೀನು. ಮತ್ತೆ ಮಾಡಿದೆ — ಮೆಷೀನು. ಎಲ್ಲವನ್ನೂ ಮೆಷೀನಿಗೇ ಹೇಳಿದೆ. ಕಾಲೀನ್ ಹತ್ತಿರ ಹೋದೆ.

“ಇಮೇಲ್ ಹಾಕ್ತೀನಿ. ವಾರಾಂತ್ಯದ ಡ್ಯೂಟಿಯವರು ನೋಡ್ಕೋತಾರೆ.”

“ನಾನೇ ಬಾಟಲಿ ತಗೊಂಡು ಹೋಗಿ ಬರ್ಲಾ?”

“ಸಾಕುಮನೆ ವಿಳಾಸ ಗುಟ್ಟು. ನಿನಗೆ ಕೊಡೋ ಹಾಗಿಲ್ಲ.”

ಸೀಸೆ ಕಚೇರಿಯ ಫ್ರಿಜ್ಜಿನಲ್ಲಿದೆ, ಯಾರದೋ ಮೊಸರಿನ ಪಕ್ಕ.

ಜನವರಿ 25, ಶನಿವಾರ

ಬೆಳಿಗ್ಗೆ ಮೂರು ಸಲ ಫೋನು. ಮೆಷೀನು ತುಂಬಿದೆಯಂತೆ. ತುಂಬಿಸಿದವಳು ನಾನೇ.

ಜನವರಿ 27, ಸೋಮವಾರ

ಸಾಕುಮನೆಯವರು ಮಕ್ಕಳನ್ನು ಕರೆದುಕೊಂಡು ಹೊಲದ ಮನೆಗೆ ಹೋಗಿದ್ದರಂತೆ. ಅಲ್ಲಿ ಸಿಗ್ನಲ್ಲಿಲ್ಲ. ಒಳ್ಳೆಯ ಜನ, ಕಡತದಲ್ಲಿ ಹಾಗೇ ಇದೆ. ಶನಿವಾರ ಮಧ್ಯಾಹ್ನ ಮಗುವಿಗೆ ಜ್ವರ ಬಂತು. ಎಲ್ಲ ಮಕ್ಕಳಿಗೂ ಬರುವ ಜ್ವರವೆಂದು ಸಿರಪ್ಪು ಕುಡಿಸಿ ಮಲಗಿಸಿದರು. ಡಾಕ್ಟರ ತಪಾಸಣೆ ಇವತ್ತಿಗೆ ನಿಗದಿಯಾಗಿತ್ತು. ಭಾನುವಾರ ಬೆಳಿಗ್ಗೆ ಆಸ್ಪತ್ರೆ. ಈಗ ಐಸಿಯುನಲ್ಲಿದೆ.

ವರ್ನೀಟಾ ಊರಿಂದ ನೇರ ನನ್ನ ಮೇಜಿಗೆ ಬಂದಳು. ಕೋಟು ಕೂಡ ಬಿಚ್ಚಿರಲಿಲ್ಲ. ಹಾಳೆ ಮುಂದೆ ಹಿಡಿದಳು.

“ಇದು ನೀನಾ?”

“ನಾನೇ.”

“ಬಣ್ಣ ಅಳಿಸು ಅಂದ್ರೆ ಮಗೂನೇ ಅಳಿಸಿದೆಯಲ್ಲೇ.”

“ನಿಯಮ...”

“ಸಭೇಲಿ ನೀನಿದ್ದೆ. ಇದ್ದೆ ತಾನೇ? ಬಾಯಿಗೂ ಮಸಿ ಬಳ್ಕೊಂಡಿದ್ದೆಯಾ?”

ಅವಳ ತಂದೆಯ ವಿಷಯಕ್ಕೆ ಸಂತಾಪ ಹೇಳಬೇಕೆಂದಿದ್ದೆ. ಆಗಲಿಲ್ಲ.

ಜನವರಿ 29

ಐಸಿಯು. ತಾಯಿಗೆ ದಿನಕ್ಕೆ ಒಂದು ಗಂಟೆ, ಅದೂ ನಮ್ಮವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಮಗುವನ್ನು ಕರೆತಂದ ಆದೇಶ ಇನ್ನೂ ರದ್ದಾಗಿಲ್ಲ. ಅಜ್ಜಿಗೆ ಪ್ರವೇಶವೇ ಇಲ್ಲ — ‘ಗಾಯ ಮಾಡಿರಬಹುದಾದವರು.’

ಫೆಬ್ರವರಿ 6, ಗುರುವಾರ

ಶುಕ್ರವಾರ ಹೋಯಿತು ಮಗು. ಇಂದು ಮಣ್ಣು.

ಪ್ರಾಸ ಹುಡುಕುವ ಚಾಳಿ ಇವತ್ತೂ ಬಿಡಲಿಲ್ಲ. ‘ಮಗು’ವಿಗೆ ಬರುವುದೆಲ್ಲ... ಬೇಡ.

ಫೆಬ್ರವರಿ 12, ಬುಧವಾರ

ವಿಚಾರಣೆ ಮುಗಿಯಿತು. ‘ಪದ್ಧತಿಯನ್ನು ಸರಿಯಾಗಿ ಪಾಲಿಸಲಾಗಿದೆ.’ ಕಾಲೀನ್ ನನ್ನ ಭುಜ ತಟ್ಟಿದಳು. ಇನ್ನು ಮೇಲೆ ಕಾಯಿಲೆಗಳ ಹೆಸರು ಅಳಿಸಬಾರದೆಂದು ಸುತ್ತೋಲೆ ಬಂದಿದೆ. ಪದ್ಧತಿ ನಿಲ್ಲಿಸಿಬಿಡಿ ಎಂದು ಇಬ್ಬರು ಅರ್ಜಿ ಹಾಕಿದ್ದಾರೆ. ನಿಲ್ಲಿಸಬೇಡಿ ಎಂದು ಮೊದಲು ಸಹಿ ಹಾಕಿದವಳು ವರ್ನೀಟಾ.

“ಅದಿಲ್ದೆ ಹೋದ್ರೆ ಇನ್ನೂ ಹತ್ತು ಕಪ್ಪು ಮಕ್ಕಳನ್ನ ಮನೆಯಿಂದ ಎತ್ಕೊಂಡು ಹೋಗ್ತಾರೆ. ನನಗೆ ಲೆಕ್ಕ ಗೊತ್ತು,” ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ, ಕಿಟಕಿ ನೋಡಿ ಹೇಳಿದಳು.

ಕುಟುಂಬಕ್ಕೆ ಕಾಗದ ಹೋಗಿದೆ. ‘ಮಾಹಿತಿಯ ಕೊರತೆ’ ಎಂದಿದೆ. ಯಾವ ಮಾಹಿತಿ, ಯಾರಿಂದ ಕೊರತೆ — ಇಲ್ಲ.

ಫೆಬ್ರವರಿ 15, ಶನಿವಾರ, ಮಧ್ಯಾಹ್ನ ಮೂರು

ಹೋಗಿಬಂದೆ. ಕಚೇರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಹೋಗಲಿ.

ಮಿಸ್ ಅರ್ನೆಸ್ಟೀನ್ ಬಾಗಿಲು ತೆರೆದರು. ತಲೆಗೆ ಬಟ್ಟೆ ಕಟ್ಟಿದ್ದರು. ಒಳಗೆ ಏನೋ ಸೀದ ವಾಸನೆ. ನನ್ನ ಗುರುತು ಹಿಡಿದರು.

“ಔಷಧಿ ಇಸ್ಕೊಂಡ ಹುಡುಗಿ ನೀನು.”

“ಹೌದು.”

“ಆ ಕಾಗದದಲ್ಲಿ ನಾನು ಹೇಳಲೇ ಇಲ್ಲ ಅನ್ನೋ ಹಾಗೆ ಬರೆದವ್ರೆ. ನನ್ನ ಮಗಳು ಓದಿ ಓದಿ ನನ್ನ ಮುಖಾನೇ ನೋಡ್ತಾಳೆ. ‘ಅಮ್ಮಾ, ನಿಜವಾಗ್ಲೂ ಹೇಳಿದ್ದೆಯಾ’ ಅಂತ ಎರಡು ಸಲ ಕೇಳಿದಳು. ಎರಡು ಸಲ!”

“ಹೇಳಿದ್ರಿ. ಬರೆದಿತ್ತು. ಅಳಿಸಿದವಳು ನಾನು.”

ಬಾಗಿಲು ಹಿಡಿದ ಕೈ ಹಾಗೇ ಇತ್ತು. ಹಾಕಿಬಿಡುತ್ತಾರೆ ಎಂದುಕೊಂಡೆ. ಒಳಗೆ ತಿರುಗಿ ಕೂಗಿದರು:

“ಕಿಯೋನಾ! ಬಾ ಇಲ್ಲಿ. ಟಿವಿ ಆರಿಸು.” ನನ್ನ ಕಡೆ ಕುರ್ಚಿ ತಳ್ಳಿದರು. “ಕೂತ್ಕೋ. ಅವಳಿಗೆ ಹೇಳು. ಒಂದೂ ಪದ ಬಿಡಬೇಡ.”

ಮಗುವಿನ ತಾಯಿ ಬಂದು ಗೋಡೆಗೆ ಒರಗಿ ನಿಂತಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಕೂರಲಿಲ್ಲ. ನಾನು ಶುರು ಮಾಡಿದೆ. ಮಂಗಳವಾರ, ವರದಿ ನನ್ನ ಮೇಜಿಗೆ ಬಂದಾಗ ಬೆಳಿಗ್ಗೆ ಹತ್ತೂವರೆ. ಮೂರನೇ ಹಾಳೆ, ಕೆಳಗಿನಿಂದ ಎರಡನೇ ಸಾಲು. ಅದರಲ್ಲಿ ನಿಮ್ಮ ತಾಯಿ ಹೇಳಿದ್ದು —