ಖಾಲಿ ಮನಿ

ಫೆ. 4, ಮಂಗಳವಾರ
ಬೆಳಿಗ್ಗೆಯಿಂದ ಮಗ್ಗಕ್ಕೆ ಸೀರೆಯ ಅಂಚನ್ನು ಗ್ರಾಫು ಹಾಳೆಯಲ್ಲಿ ಬಿಡಿಸುತ್ತಿದ್ದೇನೆ. ನವಿಲಿನ ಕತ್ತು ಮುಗಿಯಿತು. ಮೇಜಿನ ಆಚೆ, ಜೊತೆಗೆ ಬಿಡಿಸುತ್ತಿದ್ದ ಗೆಳತಿ ವರದಾಳ ಕುರ್ಚಿ ಹಾಗೇ ಇದೆ. ಅವಳು ಬನಹಟ್ಟಿ ಬಿಟ್ಟು ಬೀಳಗಿಗೆ, ತಾಯಿಯ ಹತ್ತಿರ ಹೋಗಿ ಎರಡು ತಿಂಗಳು. ಅವಳು ಬಿಡಿಸಿದ ಅಂಚನ್ನು ಮಾಲೀಕ ರಾಚಪ್ಪನೆದುರು ನನ್ನದೆಂದೆ. ಅವಳು ಹಿಂದೆಯೇ ನಿಂತಿದ್ದಳು. ನನ್ನ ಹೊಟ್ಟೆಕಿಚ್ಚು, ಮತ್ತೇನು.

ನನ್ನ ಹಳೇ ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆಪ್ ನಿಂತುಹೋಗಿದೆ. ಸಾದಾ ಮೆಸೇಜೇ ಗತಿ. ಕಳಿಸಿಯೇಬಿಟ್ಟೆ — "ತಪ್ಪು ನಂದ. ರವಿವಾರ ಬೀಳಗಿಗಿ ಬರ್ಲೇನ?"

ಫೆ. 5, ಮಧ್ಯಾಹ್ನ 2
ಉತ್ತರ ಬಂತು.
□
ಅಷ್ಟೇ. ಗ್ರಾಫಿನ ಚೌಕಕ್ಕೆ ನಾವಿಬ್ಬರೂ ಮನಿ ಅನ್ನುತ್ತಿದ್ದೆವು. ತುಂಬಿದ ಮನಿ ಇದ್ದಲ್ಲಿ ಮಗ್ಗದ ಎಳೆ ಏಳುತ್ತದೆ. ಖಾಲಿ ಮನಿ ಇದ್ದಲ್ಲಿ ಏಳುವುದಿಲ್ಲ. ಖಾಲಿ ಎಂದರೆ ಬೇಡ. ಬರಬೇಡ ಎನ್ನಲು ನಮ್ಮ ಕಸುಬಿನ ಭಾಷೆಯೇ ಬೇಕಿತ್ತೇ, ಜಾಣೆ! "ತಿಳೀತು" ಅಂತ ಕಳಿಸಿದೆ. ಆಮೇಲೆ ಅತ್ತುಬಿಟ್ಟೆ.

ಫೆ. 9, ರವಿವಾರ
ಹೋಗಲಿಲ್ಲ. ರೊಟ್ಟಿ ಒಂದೇ ಬಡಿದೆ. ಅದೂ ಉಳಿಯಿತು.

ಫೆ. 13, ಗುರುವಾರ
ಸೀರೆ ಮಾರುವ ಪದ್ಮವ್ವ ಬಂದಿದ್ದಳು. ಅವಳದ್ದೂ ವರದಾಳಂತೆ ಐಫೋನು. ದುಃಖ ತಡೆಯದೆ ಆ ಮೆಸೇಜು ತೋರಿಸಿದೆ. ನಕ್ಕಳು.

"ಅದು ಇಮೋಜಿ, ಸಣ್ಣ ಚಿತ್ರ ಬೇ. ನಿನ್ನ ಫೋನಿಗಿ ತಿಳಿಯಂಗಿಲ್ಲ, ಡಬ್ಬಿ ತೋರಸ್ತೈತಿ. ನನಗ ಕಳಸು."

ಕಳಿಸಿದೆ. ಅವಳ ಪರದೆಯ ಮೇಲೆ ಹಗ್ಗದ ಗಂಟು.

ಗಂಟು! ಹರಿದ ಎಳೆ ಕೂಡಿಸಲು ಹಾಕುವುದು... ಬಾ ಎಂದಿದ್ದಳು. ನನ್ನ "ತಿಳೀತು" ಅವಳಿಗೆ "ಬರ್ತೀನಿ" ಅಂತಲೇ ಕೇಳಿಸಿರಬೇಕು. ಕೂಡಲೇ ಕಾಲ್ ಮಾಡಿದೆ. ಎತ್ತಿದ್ದು ಅವಳ ತಾಯಿ ರಾಧಾಬಾಯಿ.

"ವಂದನಾ, ರವಿವಾರ ವರದಾ ನಿನ್ನ ಸಲುವಾಗಿ ಸ್ಟ್ಯಾಂಡಿನ್ಯಾಗ ಮೂರ್ ಬಸ್ ನೋಡಿ ತಿರುಗಿ ಬಂದ್ಲವಾ. ನಿನ್ನ ಕೂಡ ಮಾತು ಒಲ್ಲೆ ಅಂತಾಳ."

ಫೋನು ಇಟ್ಟರು.

ಫೆ. 16, ರವಿವಾರ, 11:20
ಬೀಳಗಿ ಸ್ಟ್ಯಾಂಡು. ಲೋಕಾಪುರದಲ್ಲಿ ಬಸ್ಸು ಬದಲಿಸಿ ಬಂದೆ. ಮೆಸೇಜು ಹಾಕಿದೆ — "ಸ್ಟ್ಯಾಂಡಿನ್ಯಾಗ ಕುಂತೀನಿ. ನಿನ್ನ ದಾರಿ ನೋಡ್ತೀನಿ." ಉಳಿದದ್ದು ಎದುರಿಗೇ ಹೇಳಬೇಕು.

11:50
ಬಂತು.
□
ಮತ್ತೆ ಅದೇ. ಬೈಗುಳವೋ, ಗಂಟೋ... ತೋರಿಸಲು ಪದ್ಮವ್ವ ಇಲ್ಲ. ಈ ಸಲ ಖಾಲಿ ಎಂದು ಓದುವುದಿಲ್ಲ.

12:35
ಮೂರನೇ ಬಸ್ಸೂ ಹೋಯಿತು. ಹೋದ ರವಿವಾರ ಅವಳು ಎದ್ದು ಹೋದದ್ದು ಮೂರು ಬಸ್ಸು ನೋಡಿಯೇ. ನಾನು ಏಳುವುದಿಲ್ಲ. ನಾಲ್ಕನೆಯದು ಬಾಗಲಕೋಟೆಯದು, ಇನ್ನೂ ನಿಂತಿದೆ. ಅದರ ಆಚೆಯಿಂದ ಯಾರೋ "ವಂದನಾ" ಅಂತ —