ಬಿಸಿಲು ತೊಟ್ಟಿಗೆ ಬೀಗಮುದ್ರೆ

ಪರಿಸರ ಕಾಯುವ ಮಾನ್ಯ ಅಧಿಕಾರಿಗಳೇ,

ಹೋದ ಸೋಮವಾರ ನೀವು ಕುಲಗೋಡಕ್ಕೆ ಬಂದು, ನೂಲಿಗೆ ಬಣ್ಣ ಹಾಕುವ ನನ್ನ ಶೆಡ್ಡಿನ ಹಿಂದೆ ನೀರು ಶುದ್ಧವಾಗುತ್ತಿದ್ದ ತೊಟ್ಟಿಗೆ ಮೊಹರು ಹಾಕಿ ಹೋದಿರಿ. ಹಳ್ಳಕ್ಕೆ ಬಣ್ಣದ ನೀರು ಬಿಡುವ ಹಳೆಯ ಪೈಪು ಅಲ್ಲೇ ಐದು ಮಾರು ದೂರದಲ್ಲಿತ್ತು. ಅದನ್ನು ದಾಟಿಕೊಂಡೇ ಹೋದಿರಿ, ಮುಟ್ಟಲಿಲ್ಲ. ಏಳು ದಿನದೊಳಗೆ ತೊಟ್ಟಿ ಒಡೆಯಬೇಕೆಂಬ ನೋಟಿಸು ನನ್ನ ಕೈಯಲ್ಲಿದೆ. ಇವತ್ತಿಗೆ ನಾಲ್ಕು ದಿನ ಕಳೆದವು.

ನಾನು ಸಾಚಾ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ಆ ಪೈಪಿನಿಂದಲೇ ನೀರು ಬಿಟ್ಟವಳು ನಾನು. ಆಗ ನಿಮ್ಮ ಕಚೇರಿಗೆ ನಾನು ಕಾಣಿಸಿರಲಿಲ್ಲ. ಕಂಡದ್ದು ಹಳ್ಳದ ದಂಡೆಯಲ್ಲಿ ಬಾವಿಯಿರುವ ರಾಯವ್ವನಿಗೆ. ಕಳೆದ ವರ್ಷ ಆಕೆ ಜೋಳದ ಹಿಟ್ಟು ನಾದಿದ ಪರಾತವನ್ನೇ ಎತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. ಬಾವಿಯ ನೀರಿಗೆ ಹಿಟ್ಟು ಗುಲಾಬಿಯಾಗಿತ್ತು. “ಸುಮನಾ, ಈ ಹಿಟ್ಟಿನ್ಯಾಗ ಒಂದು ರೊಟ್ಟಿ ಬಡದು ಕೊಡ್ತೇನಿ, ನನ್ನ ಮುಂದ ಕುಂತು ತಿಂತೀಯೇನ?” ಎಂದಳು. ಆಕೆ ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮರುದಿನವೇ ಗೋಕಾಕದ ಬಸ್ಸು ಹತ್ತಿ, ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ದೀಪಾ ಅವರನ್ನು ಕಂಡೆ. ಅವರು ಹೇಳಿದಂತೆ ಶಾಬಾದಿ ಕಲ್ಲುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಸಿಮೆಂಟಿನಲ್ಲಿ ತೆಳ್ಳಗೆ ಕೂರಿಸಿದೆವು. ಬಣ್ಣದ ನೀರು ಆ ಕಲ್ಲುಗಳ ಮೇಲೆ ಹರಿದು ತೊಟ್ಟಿಗೆ ಬಿದ್ದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಬಿಸಿಲು ಬಿದ್ದಾಗ ಪುಡಿ ಬಣ್ಣವನ್ನು ಒಡೆಯುತ್ತದೆ, ತಾನು ಖರ್ಚಾಗುವುದಿಲ್ಲ. ಮೂರು ಸಲ ಸೋತೆವು. ನಾಲ್ಕನೇ ಸಲ, ಬೆಳಿಗ್ಗೆ ಕೆಂಪಗಿದ್ದ ನೀರಿನಲ್ಲಿ ಸಂಜೆ ತೊಟ್ಟಿಯ ತಳ ಕಂಡಿತು. ನಾನು ಅತ್ತುಬಿಟ್ಟೆ. ದೀಪಾ ಮಾತ್ರ, “ಬಣ್ಣ ಹೋತು ಅಂದ್ರ ವಿಷ ಹೋತು ಅಂತಲ್ಲ ಅಕ್ಕಾರ, ಪರೀಕ್ಷೆ ಆಗಲಿ” ಎಂದರು. ಆ ಪರೀಕ್ಷೆ ಮಾಡಿಕೊಡಿ ಎಂದು ನಿಮ್ಮ ಕಚೇರಿಗೆ ಅರ್ಜಿ ಕೊಟ್ಟವಳು ನಾನೇ. ಅರ್ಜಿ ಕೊಡದವರ ಶೆಡ್ಡುಗಳು ಇಂದಿಗೂ ಸುಖವಾಗಿವೆ.

ನೀವು ಬಂದಿರಿ, ಪರೀಕ್ಷೆಯ ನೀರಿಗೆ ಬಾಟಲಿ ತರಲಿಲ್ಲ, ಮೊಹರಿಗೆ ಅರಗು ತಂದಿರಿ. “ಬಿಸಿಲಿನ ಪದ್ಧತಿ ನಮ್ಮ ಯಾದಿಯೊಳಗ ಇಲ್ಲರಿ. ಮೊದಲು ಪರವಾನಗಿ ತಗೋರಿ” ಎಂದಿರಿ. ಪರವಾನಗಿಗೆ ಏನು ಬೇಕೆಂದು ಕೇಳಿದೆ.

“ಪರೀಕ್ಷೆ ವರದಿ ಬೇಕರಿ.”

“ಪರೀಕ್ಷೆ ಯಾರು ಮಾಡಬೇಕ್ರಿ, ಸಾಹೇಬ್ರ?”

“ನಾವ. ಪರವಾನಗಿ ಇದ್ದವರದಷ್ಟ ಮಾಡ್ತೇವಿ.”

ಹೇಳುವಾಗ ನೀವು ನಗಲಿಲ್ಲ. ನಿಮ್ಮ ಯಾದಿಗೆ ಸೇರಲು ಸೂರ್ಯನು ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು, ತಿಳಿಸುವಿರಾ?

ಹುಕ್ಕೇರಿಯಲ್ಲಿ ಇಂಥದೇ ಶೆಡ್ಡು ನಡೆಸುವ ಓಂಕಾರ ನನ್ನ ತೊಟ್ಟಿ ನೋಡಿ ತಾನೂ ಕಲ್ಲು ತರಿಸಿದ್ದ. ಮೊಹರಿನ ಸುದ್ದಿ ಕೇಳಿ ಫೋನ್ ಮಾಡಿದ: “ಅಕ್ಕಾ, ಹಳ್ಳಕ್ಕ ಬಿಟ್ಟವರಿಗೆ ಏನೂ ಆಗಿಲ್ಲ. ನಾ ಆ ಕಲ್ಲು ಅಂಗಳಕ್ಕ ಹಾಸಿಬಿಟ್ನಿ.” ನಿಮ್ಮ ಒಂದು ಮೊಹರು ಎರಡು ತೊಟ್ಟಿಗಳನ್ನು ಮುಚ್ಚಿತು.

ಶೆಡ್ಡಿನ ಕೆಲಸವನ್ನು ನಾನೇ ನಿಲ್ಲಿಸಿದ್ದೇನೆ. ಮತ್ತೆ ಹಳ್ಳಕ್ಕೆ ನೀರು ಬಿಡಲಾರೆ. ನನ್ನಲ್ಲಿದ್ದ ನಾಲ್ವರು ಹೆಂಗಸರು ಕಬ್ಬಿನ ಹೊಲಕ್ಕೆ ಕೂಲಿ ಹೋಗುತ್ತಿದ್ದಾರೆ. ಉಳಿದ ಮೂರು ದಿನದೊಳಗೆ ಬನ್ನಿ. ಮೊಹರು ತೆಗೆದು, ಕಲ್ಲಿನ ಮೇಲೆ ಹರಿಯುವ ಮುಂಚಿನ ನೀರು ಒಂದು ಬಾಟಲಿ, ಹರಿದ ಮೇಲಿನದು ಒಂದು ಬಾಟಲಿ ಒಯ್ಯಿರಿ. ವರದಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಿರಿ. ವಿಷ ಉಳಿದಿದೆ ಎಂದರೆ ತೊಟ್ಟಿಯನ್ನು ನಾನೇ ಒಡೆಯುತ್ತೇನೆ, ಹಾರೆ ತಂದಿಟ್ಟುಕೊಂಡಿದ್ದೇನೆ. ವಿಷ ಇಲ್ಲವೆಂದಾದ ಮೇಲೂ ಒಡೆಯಲೇಬೇಕೆಂದರೆ ಆ ಕೆಲಸಕ್ಕೆ ನೀವೇ ಖುದ್ದಾಗಿ ಬರಬೇಕು. ನಾನು ಅದರೊಳಗೇ ನಿಂತಿರುತ್ತೇನೆ.

ಇಂತಿ,
ನೀರು ಕೆಡಿಸುವಾಗ ಯಾರ ಕಣ್ಣಿಗೂ ಬೀಳದೆ, ತೊಳೆಯಹೋಗಿ ಸಿಕ್ಕಿಬಿದ್ದ
ಸುಮನ
ಕುಲಗೋಡ, ಮೂಡಲಗಿ ತಾಲ್ಲೂಕು