ಎಂಟು ಪೌಂಡು

ಕೋಗಿಲು, ಯಲಹಂಕ
ತಾ. 9-2-2025, ಭಾನುವಾರ

ಪ್ರೀತಿಯ ಸುಬ್ಬಣ್ಣನಿಗೆ ಶಾಂತಲಾಳ ನಮಸ್ಕಾರಗಳು.

ಹೇಗಿದ್ದೀಯ? ಬೋರ್‌ವೆಲ್ ಲಾರಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ತಿರುಚೆಂಗೋಡಿನಲ್ಲಿ ನಿನಗೆ ಮುದ್ದೆ ಸಿಗುತ್ತದೋ ಇಲ್ಲವೋ ಎಂದು ಅಮ್ಮ ದಿನಕ್ಕೆ ಎರಡು ಸಲವಾದರೂ ಗೊಣಗುತ್ತಾಳೆ. ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ನಿನ್ನ ಕೋಪ ನನಗೆ ಗೊತ್ತು, ಹರಿದು ಹಾಕುವ ಮುಂಚೆ ಕೊನೆಯ ಸಾಲಿನವರೆಗೆ ಓದು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ ಕಣೋ.

ಅಮ್ಮನ ಬಿ.ಪಿ. ಹತೋಟಿಯಲ್ಲಿದೆ, ಆದರೆ ಅಪ್ಪ ಮಾತ್ರ ಅವಳನ್ನು ಬಿಟ್ಟಿಲ್ಲ. ಟರ್ಬೊ ಹಾಕಿದ ಗಾಡಿಯನ್ನು ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು, ಅದು ತಣ್ಣಗಾಗುವವರೆಗೆ ಎರಡು ನಿಮಿಷ ಇಂಜಿನ್ ಓಡುತ್ತಿರಲಿ ಎಂದು ಅಪ್ಪ ನಮ್ಮ ತಲೆ ತಿನ್ನುತ್ತಿದ್ದನಲ್ಲ, ಈಗ ಅಮ್ಮ ಆಟೋದಲ್ಲಿ ಮನೆ ಮುಂದೆ ಬಂದಿಳಿಯುವ ಮೊದಲು ಅದನ್ನೇ ಹೇಳುತ್ತಾಳೆ. “ಒಸಿ ತಡಿಯಪ್ಪಾ, ಎರಡ್ ನಿಮ್ಸ ಓಡ್ಲಿ, ಇಂಜಿನ್ನು ಆರ್ಬೇಕು.” ಆಟೋದವರು ನನ್ನ ಮುಖ ನೋಡುತ್ತಾರೆ. ನಾನೂ ಆ ಎರಡು ನಿಮಿಷ ಅವಳ ಪಕ್ಕ ಕೂತಿರುತ್ತೇನೆ. ನನ್ನ ಪಾಡೇನು ಅವಳಿಗಿಂತ ಮೇಲಲ್ಲ. ಈ ವಾರ ಏರ್ ಶೋ ತಾಲೀಮಿನ ವಿಮಾನಗಳು ನಮ್ಮ ತಲೆ ಮೇಲೇ ಗುಡುಗುತ್ತಿವೆ, ಅದಕ್ಕೆ ನಾನು ಕತ್ತೆತ್ತುವುದಿಲ್ಲ. ಕುಕ್ಕರ್ ಕೂಗುವ ಮೊದಲು ಸಣ್ಣಗೆ ಉಸಿರು ಬಿಡುತ್ತದೆ ನೋಡು, ಆಗ ಮಾತ್ರ ಸೌಟು ಅಲ್ಲೇ ಬಿಡುತ್ತೇನೆ. ಆ ಕೊನೆಯ ದಿನ ಅಪ್ಪ ಗೇಟು ದಾಟಿ ಕಾರನ್ನು ಬಾಗಲೂರು ರಸ್ತೆ ಕಡೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಕೇಳಿದ ಟರ್ಬೊ ಸಿಳ್ಳೆ ಅದೇ. ಸ್ಟವ್ ಆರಿಸಿ ಬೀದಿಗೆ ಓಡಿ ಬರುತ್ತೇನೆ. ಬೀದಿಯಲ್ಲಿ ಯಾರೂ ಇರುವುದಿಲ್ಲ.

ಸಮಾಚಾರಕ್ಕೆ ಬರುತ್ತೇನೆ. ಹೋದ ತಿಂಗಳು ಆರ್.ಟಿ. ನಗರದಿಂದ ಕುಬ್ರಾ ಎನ್ನುವವರು ತಮ್ಮ ಮಾವನ ಹಳೆಯ ಕಾರನ್ನು ನಮ್ಮ ಗ್ಯಾರೇಜಿಗೆ ತಂದರು. ಅಪ್ಪನ ಕಾರಿನದ್ದೇ ಆರು ಸಿಲಿಂಡರ್ ಇಂಜಿನ್, ಅದಕ್ಕೆ ಟರ್ಬೊ ಕೂರಿಸಬೇಕಂತೆ. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ. ನಮ್ಮ ಮೆಕ್ಯಾನಿಕ್ ಅದ್ನಾನ್ ಕೈಯಲ್ಲಿದ್ದ ಟೀ ಕೆಳಗಿಟ್ಟ. “ಅಕ್ಕಾ, ಸುಬ್ಬಣ್ಣ ಇಲ್ದೆ ನಾನು ಟರ್ಬೊ ಬೂಸ್ಟ್ ಮುಟ್ಟಲ್ಲ, ಹೇಳ್ಬಿಟ್ಟಿದೀನಿ” ಎಂದ. ಹಳೆಯ ಇಂಜಿನ್ನಿಗೆ ಟರ್ಬೊ ಹೊರಗಿನಿಂದ ಗಾಳಿ ತುಂಬಿದರೆ ತಡೆಯಬೇಕಲ್ಲ, ಅದಕ್ಕೆ ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಬೇಕು. ನೀನು ಮಾಡಿಸಿದ್ದ ಗ್ಯಾಸ್ಕೆಟ್ಟಿನ ಅಳತೆ ಯಾರಲ್ಲೂ ಇರಲಿಲ್ಲ. ಅಳತೆ ಸಿಗುವ ಜಾಗ ಒಂದೇ, ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಇರುವ ಅಪ್ಪನ ಕಾರು. ಹದಿನಾರು ತಿಂಗಳಿಂದ ಯಾರೂ ಆ ಕಡೆ ಹೋಗಿರಲಿಲ್ಲ, ಅಮ್ಮ ಬಟ್ಟೆ ಒಣಹಾಕುವ ಹಗ್ಗವನ್ನೂ ಅಲ್ಲಿಂದ ಬಿಚ್ಚಿಸಿದ್ದಾಳೆ.

ಕಳೆದ ಸೋಮವಾರ ಟಾರ್ಪಾಲು ಎಳೆದೆ. ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಸೀಟಿನ ಕಡೆ ನೋಡದೆ ಇಂಜಿನ್ನಿನ ಹೆಡ್ ಬಿಚ್ಚಿದೆ. ಅಣ್ಣಾ, ಗಮನ ಇಟ್ಟು ಓದು. ಟರ್ಬೊಗೆ ಐದು ಪೌಂಡ್ ಗಾಳಿಯ ಒತ್ತಡ ಸಾಕು ಎಂದು ಅಪ್ಪ ಹೇಳಿದ್ದ, ನೀನು ಯಾರಿಗೂ ಹೇಳದೆ ಎಂಟಕ್ಕೆ ಇಟ್ಟೆ. ಇಂಜಿನ್ ತಡೆಯದೆ ಬೆಂಕಿ ಹತ್ತಿತು, ಅಪ್ಪನನ್ನು ನಾನೇ ಕೊಂದೆ ಎಂದು ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ಚಚ್ಚಿಕೊಂಡೆ, ತಿಥಿಗೂ ನಿಲ್ಲದೆ ಹೋದೆ. ಆರೂ ಪಿಸ್ಟನ್ ನೆಟ್ಟಗಿವೆ. ಗ್ಯಾಸ್ಕೆಟ್ ಎಲ್ಲೂ ಬಿಟ್ಟಿಲ್ಲ. ನಿನ್ನ ಎಂಟು ಪೌಂಡನ್ನು ಆ ಇಂಜಿನ್ ಆರಾಮಾಗಿ ತಡೆದುಕೊಂಡಿತ್ತು. ಬೆಂಕಿ ಹತ್ತಿದ್ದು ನಿನ್ನ ಕೆಲಸದಿಂದ ಅಲ್ಲ. ಅದ್ನಾನ್ ಕೂಡ ಪಕ್ಕದಲ್ಲೇ ನಿಂತು ನೋಡಿದ, ಬೇಕಾದರೆ ಅವನನ್ನೇ ಕೇಳು.

ನಿನ್ನ ಕೋಣೆ ಗುಡಿಸಿಟ್ಟಿದ್ದೇವೆ. ಅಮ್ಮ ನಿನಗೆ ನೂರು ವರ್ಷ ಆಯಸ್ಸು ಕೋರಿದ್ದಾಳೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ.

ಇಂತಿ ನಿನ್ನ ತಂಗಿ,
ಶಾಂತಲಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆಯುಧಪೂಜೆಯ ಆ ಬೆಳಿಗ್ಗೆ ನೀನು ಬೂದುಗುಂಬಳ ತರಲು ಯಶವಂತಪುರಕ್ಕೆ ಹೋಗಿದ್ದೆ. ಅದ್ನಾನ್ ನನಗೆ ಹೇಳಿಯೇ ಮನೆಗೆ ಹೋದ, ಟರ್ಬೊಗೆ ಹೋಗುವ ಆಯಿಲ್ ಪೈಪಿನ ನಟ್ಟನ್ನು ಬರೀ ಕೈಯಲ್ಲಿ ತಿರುಗಿಸಿದ್ದೇನೆ, ಸ್ಪ್ಯಾನರ್ ಹಾಕಿ ಬಿಗಿ ಮಾಡಿ ಅಕ್ಕಾ ಎಂದು. ಸ್ಪ್ಯಾನರುಗಳೆಲ್ಲ ದೇವರ ಮುಂದೆ ಸಾಲಾಗಿದ್ದವು, ಅರಿಸಿನ ಕುಂಕುಮ ಇಟ್ಟು ಪೂಜೆ ಆಗಿತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಎತ್ತಬಾರದಲ್ಲ, ನಾನು ಎತ್ತಲಿಲ್ಲ. ಬೆರಳಲ್ಲೇ ಇನ್ನಷ್ಟು ತಿರುಗಿಸಿದೆ, ನಾಳೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಗಾಲಿಯಡಿ ನಿಂಬೆಹಣ್ಣು ಇಡುವಾಗ ಅಪ್ಪ ಕೇಳಿದ, “ಎಲ್ಲಾ ಬಿಗಿಯಾಗೈತೇನವ್ವಾ?” “ಹೂಂ ಅಪ್ಪಾ, ಹೋಗ್ಬಾ” ಎಂದೆ. ಸೋಮವಾರ ನೋಡಿದೆ, ಆ ನಟ್ಟು ಕಳಚಿ ಪೈಪಿನ ಮೇಲೆ ನೇತಾಡುತ್ತಿತ್ತು. ಕಾದ ಟರ್ಬೊ ಮೇಲೆ ಎಣ್ಣೆ ಸುರಿದಿದೆ. ಅದ್ನಾನ್ ಅದನ್ನು ನೋಡಿದ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನೀನು ಹದಿನಾರು ತಿಂಗಳು ಹೊತ್ತದ್ದು ನನ್ನದು ಅಣ್ಣಾ, ನಟ್ಟು ಬಿಗಿ ಮಾಡಿಲ್ಲ ಎಂದು ಗೊತ್ತಿದ್ದೂ ಹೊರಲು ಬಿಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನನ್ನನ್ನು ಹೊಡೆಯಲಾದರೂ ಬಾ. ನೀನು ಬಾಗಿಲಲ್ಲಿ ನಿಂತ ಮೇಲೆ ಅವಳಿಗೆ ಹೇಳುತ್ತೇನೆ, ಇಲ್ಲದಿದ್ದರೆ ನಾನು ಹೇಳಿದ ಆ ಹೊತ್ತಿಗೆ ನೀನೂ ದೂರ, ನಾನೂ ಬೇಡವಾಗಿ, ಅವಳಿಗೆ ಮಕ್ಕಳೇ ಇರುವುದಿಲ್ಲ.